ಅಪ್ರೋಚ್ ಕ್ಲಿಯರೆನ್ಸ್ ಸಿಕ್ಕ ಕೂಡಲೇ ಎತ್ತರ ಇಳಿಸಬಹುದಾ? ಅನುಭವ ಇದ್ದವರು ಹೇಳಿ

ನಾನು ಶಿರಸಿಯವಳು, ಇನ್‌ಸ್ಟ್ರುಮೆಂಟ್ ರೇಟಿಂಗ್‌ಗೆ (ಹೊರಗೆ ಕಾಣದಿದ್ದಾಗಲೂ ಉಪಕರಣ ನೋಡಿ ವಿಮಾನ ಹಾರಿಸುವ ಅರ್ಹತೆ) ತಯಾರಿ ನಡೆಸಿದ್ದೇನೆ. ಕಂಟ್ರೋಲರ್ ‘ಕ್ಲಿಯರ್ಡ್ ಐಎಲ್‌ಎಸ್ ಅಪ್ರೋಚ್’ (ರೇಡಿಯೋ ಸಂಕೇತ ಹಿಡಿದು ರನ್‌ವೇ ಕಡೆ ಬರಲು ಅನುಮತಿ) ಅಂದ ಕೂಡಲೇ ಎತ್ತರ ಇಳಿಸಿಬಿಟ್ಟು ಸಿಮ್ಯುಲೇಟರ್‌ನಲ್ಲಿ ಎರಡು ಸಲ ಬೈಸಿಕೊಂಡೆ. ಅರ್ಥ ಆಗದಿದ್ದರೂ ಮತ್ತೆ ಕೇಳೋಕೆ ಸಂಕೋಚ. ನೀವೆಲ್ಲ ಹೇಗೆ ಕಲಿತಿರಿ?

ಕಾರವಾರದ ಪೈಲಟ್:

ತಂಗಿ, ತದಡಿಯ ಅಳಿವೆ ನೋಡಿದ್ದೀಯಲ್ಲ? ದಡದಿಂದ ‘ಬಾ’ ಅಂದರೆ ಬೋಟಿನವರು ಕಂಡ ಕಡೆಯಿಂದ ನುಗ್ಗೋದಿಲ್ಲ. ಮರಳ ದಿಬ್ಬ ತಪ್ಪಿಸಿ, ಆಳ ಇರುವ ದಾರಿ ಹಿಡಿದ ಮೇಲೆಯೇ ಒಳಗೆ ಬರುತ್ತಾರೆ. ಇದೂ ಹಾಗೇ. ಚಾರ್ಟಿನಲ್ಲಿರುವ ದಾರಿಗೆ ಸೇರುವ ತನಕ ಕಂಟ್ರೋಲರ್ ಕೊನೆಗೆ ಕೊಟ್ಟ ಎತ್ತರ ಬಿಡಬಾರದು.

ಈ ನಿಯಮ ಸುಮ್ನೆ ಬಂದದ್ದಲ್ಲ. 1974ರ ಡಿಸೆಂಬರ್ 1ರಂದು ಅಮೆರಿಕದ ಟಿಡಬ್ಲ್ಯುಎ 514 ವಿಮಾನ ವಾಷಿಂಗ್ಟನ್ ಹತ್ತಿರದ ಡಲ್ಲೆಸ್‌ಗೆ ಬರುತ್ತಿತ್ತು. ನಿಲ್ದಾಣ ಇನ್ನೂ 44 ನಾಟಿಕಲ್ ಮೈಲಿ ದೂರ ಇದ್ದಾಗ, 7,000 ಅಡಿಯಲ್ಲೇ ಅಪ್ರೋಚ್ ಕ್ಲಿಯರೆನ್ಸ್ ಸಿಕ್ಕಿತು. ಪೈಲಟ್‌ಗಳು 1,800 ಅಡಿಗೆ ಇಳಿಯತೊಡಗಿದರು. ಆ ಎತ್ತರ ಇದ್ದದ್ದು ದಾರಿಯ ಕೊನೆಯ ಭಾಗಕ್ಕೆ, ಅದಕ್ಕೂ ಮೊದಲು ಗುಡ್ಡ ಇತ್ತು. ದಾರಿ ಸುರಕ್ಷಿತ ಇದ್ದರೆ ತಾನೇ ಕ್ಲಿಯರೆನ್ಸ್ ಕೊಡೋದು ಅಂತ ಪೈಲಟ್‌ಗಳು ಅಂದುಕೊಂಡರು, ಎತ್ತರ ಪೈಲಟ್ ನೋಡಿಕೊಳ್ಳುತ್ತಾರೆ ಅಂತ ಕಂಟ್ರೋಲರ್ ಅಂದುಕೊಂಡರು. 92 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ನನ್ನನ್ನು ಇವತ್ತಿಗೂ ಕಾಡೋದು ಒಂದೇ ವಿಷಯ. ಆ ಭಾಗದಲ್ಲಿ 3,400 ಅಡಿಗಿಂತ ಕೆಳಗೆ ಹೋಗಬಾರದು ಅಂತ ಚಾರ್ಟಿನಲ್ಲಿ ಇರೋದನ್ನು ಕ್ಯಾಪ್ಟನ್ ಗಮನಿಸಿದ್ದರು, ಕಾಕ್‌ಪಿಟ್‌ನಲ್ಲಿ ಮಾತೂ ಆಡಿದ್ದರು, ಆದರೆ ಕಂಟ್ರೋಲರ್‌ಗೆ ಕೇಳಲಿಲ್ಲ. ನಿನ್ನ ಸಂಕೋಚದ ಮಾತು ಓದಿದಾಗ ಮೊದಲು ನೆನಪಾದದ್ದು ಅದೇ.

ನಾನೂ ಎಡವಿದ್ದೇನೆ. ಕೋ ಪೈಲಟ್ ಆಗಿ ಹೊಸದರಲ್ಲಿ, ಮಳೆಗಾಲದ ಒಂದು ರಾತ್ರಿ, ‘ಲೋಕಲೈಸರ್ ಮೇಲೆ ಎಸ್ಟಾಬ್ಲಿಶ್ ಆದ ಮೇಲೆ ತಿಳಿಸಿ’ ಅಂತ ಕಂಟ್ರೋಲರ್ ಅಂದರು. ಅಂದರೆ ರನ್‌ವೇಯ ನೇರ ತೋರಿಸುವ ರೇಡಿಯೋ ಸಂಕೇತದ ಮೇಲೆ ಸರಿಯಾಗಿ ಬಂದ ಮೇಲೆ ಹೇಳಿ ಅಂತ. ನನ್ನ ಕಿವಿಗೆ ಅದು ಪೂರ್ತಿ ಕ್ಲಿಯರೆನ್ಸ್ ಥರ ಕೇಳಿಸಿತು, ವಿಮಾನ ತಾನೇ ಸಂಕೇತ ಹಿಡಿದು ಇಳಿಯುವಂತೆ ಮಾಡುವ ಅಪ್ರೋಚ್ ಬಟನ್ ಒತ್ತೋಕೆ ಕೈ ಹೋಗಿಯೇ ಬಿಟ್ಟಿತ್ತು. ಕ್ಯಾಪ್ಟನ್ ಕೈ ತಡೆದು, ‘ಕನ್ಫರ್ಮ್ ಕ್ಲಿಯರ್ಡ್ ಐಎಲ್‌ಎಸ್?’ ಅಂತ ಕೇಳಿದರು. ಉತ್ತರ ಬಂತು, ‘ನೆಗೆಟಿವ್, 3,000 ಅಡಿಯಲ್ಲೇ ಇರಿ.’ ಕೆಳಗೆ ಇನ್ನೊಂದು ವಿಮಾನ ಇತ್ತು. ಲೋಕಲೈಸರ್ ಹಿಡಿಯೋದು ಬೇರೆ, ಇಳಿಜಾರು ತೋರಿಸುವ ಗ್ಲೈಡ್ ಸ್ಲೋಪ್ ಸಂಕೇತದ ಮೇಲೆ ಇಳಿಯೋದು ಬೇರೆ. ‘ಎಕ್ಸ್‌ಪೆಕ್ಟ್ ಐಎಲ್‌ಎಸ್’ ಅಂದರೂ ಅಷ್ಟೇ, ತಯಾರಾಗಿರು ಅಂತ ಮಾತ್ರ.

ಅಂಕೋಲಾದ ನಿವೃತ್ತ ಕಂಟ್ರೋಲರ್:

ಅವರು ಹೇಳಿದ್ದು ಸರಿ ಮಗಳೇ. ನಮ್ಮ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ತಪ್ಪು ಬರೀ ಪೈಲಟ್‌ದೇ ಇರೋದಿಲ್ಲ, ನಾವು ಆಡುವ ಪದದಲ್ಲೂ ಇರುತ್ತದೆ. 1989ರ ಫೆಬ್ರುವರಿಯಲ್ಲಿ ಕೌಲಾಲಂಪುರಕ್ಕೆ ಇಳಿಯುತ್ತಿದ್ದ ಫ್ಲೈಯಿಂಗ್ ಟೈಗರ್ ಸರಕು ವಿಮಾನಕ್ಕೆ 2,400 ಅಡಿಗೆ ಇಳಿಯಲು ‘ಡಿಸೆಂಡ್ ಟು ಫೋರ್ ಝೀರೋ ಝೀರೋ’ ಅಂದರು. ಆ ‘ಟು’ ಎರಡು ಅನ್ನುವ ಅಂಕಿ. ಪೈಲಟ್‌ಗಳು ಅದನ್ನು ‘400ಕ್ಕೆ’ ಅಂತ ತಿಳಿದರು. ವಿಮಾನ ಗುಡ್ಡಕ್ಕೆ ಬಡಿದು ನಾಲ್ವರೂ ಹೋದರು.

ಹಾಗಾಗಿ ರೀಡ್‌ಬ್ಯಾಕ್ ಮಾಡುವಾಗ, ಅಂದರೆ ಕೇಳಿದ್ದನ್ನು ತಿರುಗಿ ಹೇಳುವಾಗ, ಬರೀ ‘ರಾಜರ್’ (ಕೇಳಿಸಿತು) ಅನ್ನಬೇಡ. ಹೆಡ್ಡಿಂಗ್ (ಹೋಗಬೇಕಾದ ದಿಕ್ಕು), ಎತ್ತರ, ಯಾವ ಅಪ್ರೋಚ್, ಯಾವ ರನ್‌ವೇ, ಎಲ್ಲ ತಿರುಗಿ ಹೇಳು. ನೀನು ಹೇಳಿದರೆ ತಾನೇ ನಿನ್ನ ತಪ್ಪು ನಮಗೆ ಕೇಳಿಸೋದು? ‘ಸೇ ಅಗೇನ್’ ಅಂದವರ ಮೇಲೆ ನನಗಂತೂ ಯಾವತ್ತೂ ಸಿಟ್ಟು ಬಂದಿಲ್ಲ. ಎಷ್ಟೇ ಗಡಿಬಿಡಿ ಇದ್ದರೂ ಇನ್ನೊಂದು ಸಲ ಹೇಳೋಕೆ ಐದು ಸೆಕೆಂಡ್ ಸಾಕು. ಸದ್ಯಕ್ಕೆ ಮನೆಯಲ್ಲೇ ಅಭ್ಯಾಸ ಮಾಡು. ಅಮ್ಮನ ಕೈಗೆ ಒಂದು ಕ್ಲಿಯರೆನ್ಸ್ ಬರೆದುಕೊಟ್ಟು ಜೋರಾಗಿ ಓದಿಸು, ಕೇಳಿ ಬರೆದುಕೋ, ತಿರುಗಿ ಹೇಳು. ನಡುವೆ ಒಂದು ಅಂಕಿ ಬದಲಾಯಿಸಿ ಓದೋಕೆ ಅಮ್ಮನಿಗೆ ಹೇಳಿರು.