ಕಾಯಿ ಅಟ್ಟದ ದಬ್ಬೆ ತೆಗೆದು ಪ್ಲೈವುಡ್ ಹಾಕಬಹುದಾ?

ತೆಂಗಿನಸಾಲು (ತಿಪಟೂರು):

ಎಲ್ಲರಿಗೂ ನಮಸ್ಕಾರ. ನಮ್ಮದು ತಿಪಟೂರು ಹತ್ತಿರದ ಹಳ್ಳಿ. ಅಜ್ಜ ಕಟ್ಟಿಸಿದ ಮನೆ. ಮಣ್ಣಿನ ಗೋಡೆ, ಮೇಲೆ ಹೆಂಚು, ನಡುಮನೆ ಮೇಲೆ ಕಾಯಿ ಅಟ್ಟ. ಅಪ್ಪ ಇರುವವರೆಗೂ ಕೊಬ್ಬರಿಗೆ ಅಂತ ಕಾಯಿಯನ್ನು ಅಲ್ಲಿಗೇ ಏರಿಸುತ್ತಿದ್ದರು. ಹತ್ತು ಹನ್ನೊಂದು ತಿಂಗಳು ಬಿಟ್ಟು ಒಂದೊಂದೇ ಅಲ್ಲಾಡಿಸಿ ನೋಡುತ್ತಿದ್ದರು. ಒಳಗೆ ಗಟಗಟ ಅಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ ಅಂತ.

ಈಗ ಕಾಯಿ ಕಡಿಮೆ. ಇಬ್ಬರು ಮಕ್ಕಳಿಗೆ ಓದಲು ಒಂದು ಜಾಗ ಬೇಕು. ಅಟ್ಟದ ನೆಲ ಅಡಿಕೆ ಮರ ಸೀಳಿದ ದಬ್ಬೆಯದು, ಕಾಲಿಟ್ಟರೆ ಒಂದೊಂದು ಮುರಿಯುತ್ತಿದೆ. ಅದನ್ನು ತೆಗೆದು 18 ಎಂಎಂ ಪ್ಲೈವುಡ್ ಹಾಕೋಣ ಅಂತಿದ್ದೇನೆ. ಅಟ್ಟ ಹೊರುವ ಜಂತೆ 9 ಇವೆ. ಉದ್ದ 11 ಅಡಿ, ದಪ್ಪ 4 ಇಂಚು, ಅಗಲ 3 ಇಂಚು. ನಡುಗೆರೆಯಿಂದ ನಡುಗೆರೆಗೆ 19ರಿಂದ 21 ಇಂಚು ಅಂತರ, ಒಂದೇ ಸಮ ಇಲ್ಲ. ಅಷ್ಟು ಕಾಯಿ ಹೊತ್ತ ಅಟ್ಟ ಇಬ್ಬರು ಮಕ್ಕಳನ್ನು ಹೊರಲ್ವಾ ಅಂತಾರೆ ಅಮ್ಮ. ಯಾವ ಪ್ಲೈ ತರಲಿ?

ಉಳಿಪೆಟ್ಟು (ತುಮಕೂರು):

ಪ್ಲೈ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಜಂತೆ ನೋಡಿ ಸ್ವಾಮಿ. ನಾನು ಇಪ್ಪತ್ತೆರಡು ವರ್ಷದಿಂದ ಮರಗೆಲಸ ಮಾಡುತ್ತಿದ್ದೇನೆ. ಮಣ್ಣಿನ ಗೋಡೆಯ ಮನೆಗಳಲ್ಲಿ ಜಂತೆ ನಡುವೆ ಕಬ್ಬಿಣದ ಹಾಗಿರುತ್ತೆ, ಗೋಡೆಯೊಳಗೆ ಹೋಗಿರುವ ತುದಿ ಮಾತ್ರ ಪುಡಿಯಾಗಿರುತ್ತೆ. ತೇವ, ಗೆದ್ದಲು ಎರಡೂ ಅಲ್ಲಿಂದಲೇ ಶುರು. ಗೋಡೆಗೆ ಅಂಟಿದ ಹಾಗೆ ಒಂದು ದಪ್ಪ ಸ್ಕ್ರೂಡ್ರೈವರ್ ಒತ್ತಿ ನೋಡಿ. ಟಣ್ ಅಂತ ನಿಂತರೆ ಸರಿ. ಮೆತ್ತಗೆ ಇಳಿದರೆ ಆ ಜಂತೆ ಬದಲಾಗಲೇಬೇಕು.

ಅಮ್ಮನ ಮಾತಿಗೆ ಉತ್ತರ: ಕಾಯಿ ಒಂದು ಕಡೆ ಸುಮ್ನೆ ಕೂತಿರುತ್ತೆ, ಮಕ್ಕಳು ಕುಣಿಯುತ್ತಾರೆ. ವಾಸದ ಕೋಣೆಗೆ ಚದರ ಮೀಟರಿಗೆ 200 ಕೆಜಿ ಭಾರ ಅಂತ ಲೆಕ್ಕ ಹಿಡಿಯುತ್ತಾರೆ. 11 ಅಡಿ ಉದ್ದಕ್ಕೆ 4 ಇಂಚಿನ ಜಂತೆ ಅಷ್ಟು ಹೊತ್ತರೆ ಜಾಸ್ತಿ ಬಾಗುತ್ತೆ. ಕೆಳಗೆ ಮಧ್ಯಕ್ಕೆ ಸರಿಯಾಗಿ ಒಂದು ಅಡ್ಡ ತೊಲೆ ಕೊಡಿ, ಎರಡೂ ಬದಿ ಕಂಬ ನಿಲ್ಲಿಸಿ. ಚದರ ಮೀಟರಿಗೆ ಅಷ್ಟೇ ಭಾರ ಸಮನಾಗಿ ಹರಡಿದ್ದರೂ, ಆಧಾರದ ದೂರ ಅರ್ಧ ಆದರೆ ಬಾಗುವುದು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತೆ. ಈ ಖರ್ಚು ಉಳಿಸಲು ಹೋಗಬೇಡಿ.

ಈಗ ಪ್ಲೈ. ಐಎಸ್ (ಭಾರತೀಯ ಮಾನಕ) 710 ಮುದ್ರೆ ಇರುವ, ನೀರು ತಡೆಯುವ ಮರೈನ್ ಪ್ಲೈ ತನ್ನಿ. ನೆಲಕ್ಕೂ ಚಾವಣಿಗೂ ಅಂತಲೇ ಐಎಸ್ 10701 ಅನ್ನುವ ಸ್ಟ್ರಕ್ಚರಲ್ ಪ್ಲೈ ಬೇರೆ ಇದೆ, ಸಿಕ್ಕರೆ ಅದೇ ಒಳ್ಳೆಯದು. ತಂದ ಕೂಡಲೇ ಬಡಿಯಬೇಡಿ. ಎರಡು ಮೂರು ದಿನ ಅಟ್ಟದಲ್ಲೇ ಶೀಟುಗಳ ನಡುವೆ ಮರದ ಪಟ್ಟಿ ಕೊಟ್ಟು ಮಲಗಿಸಿಡಿ, ಅಲ್ಲಿನ ಗಾಳಿಗೆ ಒಗ್ಗಲಿ.

ಹಾಕುವಾಗ ಮೇಲ್ಪದರದ ಎಳೆ ಜಂತೆಗೆ ಅಡ್ಡ ಬರಬೇಕು. ಉದ್ದುದ್ದ ಹಾಕಿದರೆ ಅದೇ ಪ್ಲೈ ಜಾಸ್ತಿ ಬಾಗುತ್ತೆ. ಇನ್ನು ನಿಮ್ಮ ಅಂತರದ ತೊಂದರೆ. 8 ಅಡಿ ಶೀಟು ಅಂದರೆ 96 ಇಂಚು. ಜಂತೆ 16 ಇಂಚಿಗೋ 24 ಇಂಚಿಗೋ ಇದ್ದಿದ್ದರೆ ತುದಿ ನೇರ ಮರದ ಮೇಲೆ ಕೂರುತ್ತಿತ್ತು. ನಿಮ್ಮಲ್ಲಿ ಗಾಳಿಯಲ್ಲಿ ನಿಲ್ಲುತ್ತೆ. ಐದನೇ ಜಂತೆ ಎಲ್ಲಿ ಬರುತ್ತೋ ಅದರ ನಡುಗೆರೆಗೆ ಅಳೆದು ಕತ್ತರಿಸಿ, ಸುಮಾರು 80 ಇಂಚಿಗೆ ಬರಬಹುದು. ಉದ್ದದ ಅಂಚು ಕೂಡುವ ಕಡೆ ಜಂತೆ ಜಂತೆ ನಡುವೆ ಮರದ ತುಂಡು ಕೊಡಿ. ಸಾಲಿಂದ ಸಾಲಿಗೆ ಜಾಯಿಂಟ್ ಒಂದೇ ಗೆರೆಗೆ ಬರಬಾರದು, ಇಟ್ಟಿಗೆ ಕಟ್ಟಿದ ಹಾಗೆ ತಪ್ಪಿಸಿ. ಶೀಟು ಶೀಟಿಗೆ 3 ಎಂಎಂ, ಗೋಡೆಗೆ 10 ಎಂಎಂ ಬಿಡಿ.

ಮೊಳೆ ಬೇಡ, ಮೊಳೆ ಸಡಿಲಾಗೇ ನೆಲ ಕಿರ್ ಅನ್ನೋದು. ಜಂತೆ ಮೇಲೆ ಪಿಯು (ಪಾಲಿಯುರೆಥೇನ್) ಅಂಟು ಎಳೆದು 2 ಇಂಚಿನ ಸ್ಕ್ರೂ ಹಾಕಿ. ಅಂಚಲ್ಲಿ 6 ಇಂಚಿಗೊಂದು, ನಡುವೆ 12 ಇಂಚಿಗೊಂದು.

ಹೆಂಚಿನಮನೆ (ಮಾಲೂರು):

ಅಣ್ಣಾ, ನಮ್ಮ ತಪ್ಪು ನೀವು ಮಾಡಬೇಡಿ. ಅಂಗಡಿಯವರು ಇದೂ ಗಟ್ಟಿ ಅಂದರು ಅಂತ ಮುದ್ರೆ ನೋಡದೆ ಅಗ್ಗದ ಪ್ಲೈ ತಂದೆವು. ಒಂದೇ ಮಳೆಗಾಲ. ಒಡೆದ ಒಂದು ಹೆಂಚಿನಿಂದ ತೊಟ್ಟು ತೊಟ್ಟು ಬಿದ್ದ ಜಾಗದಲ್ಲಿ ಪ್ಲೈ ಹಪ್ಪಳದ ಹಾಗೆ ಉಬ್ಬಿ ಪದರ ಪದರ ಬಿಟ್ಟಿತು. ಮಗಳ ಕುರ್ಚಿ ಕಾಲು ಒಳಗಿಳಿದಾಗ ನಾನು ಕೆಳಗೆ ಅಡುಗೆ ಮಾಡುತ್ತಿದ್ದೆ. ಆ ಸದ್ದು ಇವತ್ತಿಗೂ ಮರೆತಿಲ್ಲ. ಅವಳಿಗೇನೂ ಆಗಲಿಲ್ಲ, ದೇವರು ದೊಡ್ಡವನು. ಪ್ಲೈ ತರೋ ಮುಂಚೆ ಹೆಂಚು ಕೈಯಾಡಿಸಿ, ಒಡೆದದ್ದನ್ನು ಬದಲಿಸಿ. ಕತ್ತರಿಸಿದ ಅಂಚಿಗೆಲ್ಲ ಪೇಂಟೋ ವಾರ್ನಿಷೋ ಬಳಿಯಿರಿ, ನೀರು ಕುಡಿಯೋದು ಅಲ್ಲಿಂದಲೇ.

ಇನ್ನೊಂದು ಕೇಳಬೇಕಿತ್ತು. ಕಾಯಿ ಪೂರ್ತಿ ನಿಲ್ಲಿಸುತ್ತೀರಾ?

ತೆಂಗಿನಸಾಲು:

ಇಲ್ಲ ತಾಯಿ, ಮನೆ ಮಟ್ಟಿಗೆ ಸ್ವಲ್ಪ ಏರಿಸುತ್ತೇವೆ.

ಉಳಿಪೆಟ್ಟು:

ಹಾಗಿದ್ದರೆ ಆ ಭಾಗದ ದಬ್ಬೆ ತೆಗೆಯಲೇಬೇಡಿ. ದಬ್ಬೆ ಸಂದಿಯಲ್ಲಿ ಗಾಳಿ ಆಡುತ್ತೆ ಅಂತಲೇ ಹಿರಿಯರು ಹಾಗೆ ಮಾಡಿದ್ದು. ಪ್ಲೈ ಮೇಲೆ ಕಾಯಿ ರಾಶಿ ಹಾಕಿದರೆ ಅಡಿಯದಕ್ಕೆ ಬೂಷ್ಟು ಹಿಡಿಯುತ್ತೆ. ಮುರಿದಿದ್ದಷ್ಟೇ ಬದಲಿಸಿ, ಉಳಿದದ್ದಕ್ಕೆ ಪ್ಲೈ ಹಾಕಿ.

ತೆಂಗಿನಸಾಲು:

ಬೆಳಗ್ಗೆ ಸ್ಕ್ರೂಡ್ರೈವರ್ ಹಿಡಿದು ಹತ್ತಿದ್ದೆ ಆಚಾರ್ರೇ. ಏಳು ಜಂತೆ ಟಣ್ ಅಂದವು. ಬಚ್ಚಲ ಕಡೆಯ ಎರಡರಲ್ಲಿ ಹಿಡಿವರೆಗೂ ಇಳಿಯಿತು, ಕಂದು ಪುಡಿ ಅಮ್ಮನ ತಲೆ ಮೇಲೆ ಉದುರಿತು. ಅವರೇ ಈಗ ಮೊದಲು ತೊಲೆ ತರಿಸು ಅಂತಿದ್ದಾರೆ. ಕಾಯಿಗೆ ಪಡುವಣ ಮೂಲೆ ಬಿಡುತ್ತೇವೆ. ಮಧ್ಯದ ತೊಲೆಗೆ ಎಷ್ಟು ದಪ್ಪ ಬೇಕು ಅಂತ ನೀವೇ ಒಮ್ಮೆ ಬಂದು ನೋಡಿ ಹೇಳುತ್ತೀರಾ? ಬಸ್ ಸ್ಟ್ಯಾಂಡಿಗೆ ಬಂದು ಕರೆದುಕೊಂಡು ಹೋಗುತ್ತೇನೆ.