ಹೋಗುವಾಗ ದೂರ, ಬರುವಾಗ ಹತ್ತಿರ. ಯಾಕೆ?

ಅಲೆಮಾರಿ: ಹೊಸ ಜಾಗಕ್ಕೆ ಹೋಗುವಾಗ ದಾರಿ ಮುಗಿಯುವುದೇ ಇಲ್ಲ ಅನಿಸುತ್ತದೆ, ವಾಪಸ್ ಬರುವಾಗ ಮಾತ್ರ ಇಷ್ಟು ಬೇಗ ಬಂದುಬಿಟ್ಟೆವಾ ಅನಿಸುತ್ತದೆ. ನನಗೊಬ್ಬನಿಗೇನಾ?

ಕಿಟಕಿ ಸೀಟು: ಎಲ್ಲರಿಗೂ. ದಾರಿ ಪರಿಚಯ ಆಗಿರುತ್ತದಲ್ಲ, ಅದಕ್ಕೆ.

ಹಳೇ ಚಪ್ಪಲಿ: ಅಷ್ಟೇ ಅಲ್ಲ. 2011ರ ಒಂದು ಡಚ್ ಸಂಶೋಧನೆಯಲ್ಲಿ ಬೇರೆ ದಾರಿ ಹಿಡಿದು ವಾಪಸ್ ಬಂದವರಿಗೂ ಹಾಗೇ ಅನಿಸಿತ್ತು. ಹೋಗುವಾಗ ಬೇಗ ತಲುಪುತ್ತೇವೆ ಅಂತ ಸುಮ್ನೆ ಅಂದಾಜು ಹಾಕಿರುತ್ತೇವೆ, ಅದು ತಪ್ಪುತ್ತದೆ. ಬರುವಾಗ ಹೇಗೂ ತುಂಬಾ ಹೊತ್ತು ಅಂತ ಮನಸ್ಸು ಗಟ್ಟಿ ಮಾಡಿಕೊಂಡಿರುತ್ತೇವೆ, ಅದಕ್ಕೇ ಹತ್ತಿರ ಅನಿಸುವುದು.

ಕಿಟಕಿ ಸೀಟು: ಓಹ್, ಹಾಗಾದರೆ ನನ್ನದು ತಪ್ಪು. ಆದರೂ ಆಮೇಲೆ ನೆನಪಿರುವುದು ಹೋದ ದಾರಿಯೇ ಅಲ್ವಾ? ಬಂದಿದ್ದು ನನಗಂತೂ ನೆನಪೇ ಇರಲ್ಲ, ಜಾಸ್ತಿ ನಿದ್ದೆ.

ಅಲೆಮಾರಿ: ನಿದ್ದೆ ಮಾಡಿದರೆ ಹತ್ತಿರವೇ ಬಿಡಿ!