ಸಕ್ಕರೆಯ ಹೈಡ್ರಾಕ್ಸಿಲ್ ಗುಂಪನ್ನು ಬದಲಿಸಿದ ಮೇಲೂ ಪ್ರೋಟೀನು ಅದನ್ನು ಗುರುತಿಸುವುದು ಹೇಗೆ?

ಪ್ರಶ್ನೆ

ನಮಸ್ಕಾರ. ನಾನು ಔಷಧ ರಸಾಯನಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿ. ಮೂತ್ರನಾಳದ ಸೋಂಕು ತರುವ ಇ. ಕೋಲಿ ಬ್ಯಾಕ್ಟೀರಿಯವು ಫಿಮ್‌ಎಚ್ ಎಂಬ ಪ್ರೋಟೀನಿನ ಮೂಲಕ ನಮ್ಮ ಜೀವಕೋಶಗಳ ಮೇಲಿನ ಮ್ಯಾನೋಸ್ ಸಕ್ಕರೆಯನ್ನು ಹಿಡಿದುಕೊಳ್ಳುತ್ತದೆ. ಹಾಗಿದ್ದರೆ ಮ್ಯಾನೋಸನ್ನೇ ಔಷಧವಾಗಿ ಕೊಡಬಾರದೇಕೆ ಎಂದು ಕೇಳಿದಾಗ, ಸಕ್ಕರೆಯನ್ನು ಮಾರ್ಪಡಿಸದೆ ಒಳ್ಳೆಯ ಔಷಧ ಸಿಗುವುದು ಕಷ್ಟ ಎಂದು ನಮ್ಮ ಅಧ್ಯಾಪಕರು ಹೇಳಿದರು. ನನ್ನ ಗೊಂದಲವಿರುವುದು ಇಲ್ಲಿಯೇ. ಹೈಡ್ರಾಕ್ಸಿಲ್ ಗುಂಪುಗಳಿಂದಲೇ (ಆಮ್ಲಜನಕ-ಜಲಜನಕ ಜೋಡಿಗಳಿಂದಲೇ) ಪ್ರೋಟೀನು ಸಕ್ಕರೆಯನ್ನು ಗುರುತಿಸುವುದಾದರೆ, ಅವುಗಳ ಜಾಗದಲ್ಲಿ ಫ್ಲೋರಿನ್ ಇಟ್ಟ ಮೇಲೆ ಆ ಗುರುತು ಉಳಿಯುವುದು ಹೇಗೆ? ಯಾವುದನ್ನು ಬದಲಿಸಬಹುದು, ಯಾವುದನ್ನು ಮುಟ್ಟಬಾರದು?

ಉತ್ತರ 1

ಹೈಡ್ರಾಕ್ಸಿಲ್ ಗುಂಪುಗಳ ಸುತ್ತ ಸದಾ ನೀರಿನ ಅಣುಗಳು ಕಟ್ಟಿಕೊಂಡಿರುತ್ತವೆ. ಪ್ರೋಟೀನಿನಲ್ಲಿ ಕೂರುವ ಮೊದಲು ಆ ನೀರನ್ನು ಕಳಚಬೇಕಾದ್ದರಿಂದ, ಹೊಸ ಜಲಜನಕ ಬಂಧಗಳಿಂದ ಬಂದ ಲಾಭದ ಬಹುಪಾಲು ಅದಕ್ಕೇ ಖರ್ಚಾಗುತ್ತದೆ. ಬಿಡಿ ಸಕ್ಕರೆಗಳ ಹಿಡಿತ ಸಾಮಾನ್ಯವಾಗಿ ದುರ್ಬಲವಾಗಿರುವುದಕ್ಕೆ ಇದೊಂದು ಮುಖ್ಯ ಕಾರಣ. ನೀರಿನ ಮೇಲಿನ ಇದೇ ಒಲವಿನಿಂದ ಅವು ಕರುಳಿನ ಕೋಶಗಳ ಪೊರೆಯನ್ನು ಸುಲಭವಾಗಿ ದಾಟುವುದೂ ಇಲ್ಲ.

ಇನ್ನೊಂದು ತೊಡಕೆಂದರೆ ಸಕ್ಕರೆಯನ್ನು ಅಣುವಿನ ಉಳಿದ ಭಾಗಕ್ಕೆ ಜೋಡಿಸುವ ಆಮ್ಲಜನಕದ ಕೊಂಡಿ. ಸೇಬಿನ ಮರದ ತೊಗಟೆಯಿಂದ 1835ರಲ್ಲಿ ಬೇರ್ಪಡಿಸಿದ ಫ್ಲೋರಿಜಿನ್, ಮೂತ್ರಪಿಂಡವು ಗ್ಲೂಕೋಸನ್ನು ಮರಳಿ ಹೀರದಂತೆ ತಡೆಯುತ್ತದೆ; ಆದರೆ ನುಂಗಿದರೆ ಕರುಳಿನ ಕಿಣ್ವಗಳು ಆ ಕೊಂಡಿಯನ್ನೇ ಕತ್ತರಿಸಿಬಿಡುತ್ತವೆ. ಅದೇ ಕೆಲಸ ಮಾಡುವ ಮಧುಮೇಹದ ಔಷಧ ಡಪಾಗ್ಲಿಫ್ಲೋಜಿನ್‌ನಲ್ಲಿ ಗ್ಲೂಕೋಸಿನ ಮೊದಲ ಇಂಗಾಲವನ್ನು ನೇರವಾಗಿ ಬೆಂಜೀನ್ ಉಂಗುರದ ಇಂಗಾಲಕ್ಕೆ ಜೋಡಿಸಿದ್ದಾರೆ, ಹೀಗಾಗಿ ಕಿಣ್ವಕ್ಕೆ ಕತ್ತರಿಸಲು ಕೊಂಡಿಯೇ ಸಿಗುವುದಿಲ್ಲ. ಗ್ಲೂಕೋಸಿನ ಉಳಿದ ನಾಲ್ಕು ಹೈಡ್ರಾಕ್ಸಿಲ್‌ಗಳನ್ನು ಹಾಗೆಯೇ ಬಿಟ್ಟಿದ್ದಾರೆ ಎಂಬುದನ್ನು ಗಮನಿಸಿ. ಆದ್ದರಿಂದ ಮೊದಲು ಕೈಹಾಕಬೇಕಾದದ್ದು ಕೊಂಡಿಗೇ ಎಂಬುದು ನನ್ನ ಅಭಿಪ್ರಾಯ.

ಉತ್ತರ 2

ಮೇಲಿನವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಕೊಂಡಿಯ ಆಮ್ಲಜನಕವು ಕೇವಲ ಕೊಂಡಿಯಲ್ಲ. ಅದು ಎರಡು ಭಾಗಗಳು ಯಾವ ಕೋನದಲ್ಲಿ ನಿಲ್ಲಬೇಕೆಂಬುದನ್ನೂ ಪ್ರಭಾವಿಸುತ್ತದೆ. ಅಲ್ಲಿ ಇಂಗಾಲ ಬಂದರೆ ಅಣು ಬೇರೆ ಭಂಗಿಗಳಿಗೂ ತಿರುಗಬಲ್ಲದು, ಕೆಲವೊಮ್ಮೆ ಹಿಡಿತವೇ ಸಡಿಲವಾಗುತ್ತದೆ.

ಫ್ಲೋರಿನ್ ವಿಚಾರಕ್ಕೆ ಬಂದರೆ, ಅದು ಗಾತ್ರದಲ್ಲಿ ಆಮ್ಲಜನಕಕ್ಕೆ ಹತ್ತಿರ, ಬಂಧದ ಧ್ರುವತೆಯೂ ಹೆಚ್ಚುಕಡಿಮೆ ಅದೇ ದಿಕ್ಕಿನದು, ಆದರೆ ಹೈಡ್ರಾಕ್ಸಿಲಿನಂತೆ ಜಲಜನಕವನ್ನು ಮುಂದೆ ಚಾಚಲಾರದು. ಪೆಟ್ ಸ್ಕ್ಯಾನಿನಲ್ಲಿ ಬಳಸುವ ಎಫ್‌ಡಿಜಿ, ಎರಡನೆಯ ಇಂಗಾಲದ ಹೈಡ್ರಾಕ್ಸಿಲಿಗೆ ಬದಲು ವಿಕಿರಣಶೀಲ ಫ್ಲೋರಿನ್-18 ಇರುವ ಗ್ಲೂಕೋಸ್. ಕೋಶದೊಳಕ್ಕೆ ಸಾಗಿಸುವ ಪ್ರೋಟೀನು ಅದನ್ನು ಗ್ಲೂಕೋಸೆಂದೇ ಒಳಬಿಡುತ್ತದೆ, ಹೆಕ್ಸೋಕೈನೇಸ್ ಕಿಣ್ವವೂ ಅದಕ್ಕೆ ಫಾಸ್ಫೇಟ್ ಅಂಟಿಸುತ್ತದೆ. ಮುಂದಿನ ಕಿಣ್ವಕ್ಕೆ ಮಾತ್ರ ಎರಡನೆಯ ಇಂಗಾಲದ ಹೈಡ್ರಾಕ್ಸಿಲ್ ಬೇಕೇ ಬೇಕು. ಅದಿಲ್ಲದ್ದರಿಂದ ಅಣು ಅಲ್ಲಿಗೇ ನಿಂತು ಕೋಶದೊಳಗೆ ಶೇಖರವಾಗುತ್ತದೆ. ಇದು ಚಿಕಿತ್ಸೆಯ ಔಷಧವಲ್ಲ, ನಿಜ. ಆದರೂ ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ಹೊಳೆಯುತ್ತಿಲ್ಲ: ಒಂದೇ ಹೈಡ್ರಾಕ್ಸಿಲ್ ಒಂದು ಪ್ರೋಟೀನಿಗೆ ಲೆಕ್ಕಕ್ಕಿಲ್ಲ, ಇನ್ನೊಂದಕ್ಕೆ ಅದೇ ಸರ್ವಸ್ವ.

ಉತ್ತರ 3

ಹಾಗಾದರೆ ನಿಮ್ಮ ಮ್ಯಾನೋಸಿನ ಗತಿಯೇನು? ಫಿಮ್‌ಎಚ್‌ನ ಸ್ಫಟಿಕ ರಚನೆಯನ್ನು ತೆರೆದು ನೋಡಿ. ಎರಡು, ಮೂರು, ನಾಲ್ಕು, ಆರನೆಯ ಇಂಗಾಲಗಳ ಹೈಡ್ರಾಕ್ಸಿಲ್‌ಗಳು ಆಳವಾದ ಕುಳಿಯೊಳಗೆ ಜಲಜನಕ ಬಂಧಗಳಿಂದ ಬಿಗಿದುಕೊಂಡಿವೆ, ಅಲ್ಲಿ ಕೈಯಾಡಿಸಿದರೆ ಹಿಡಿತ ಹೋದಂತೆಯೇ. ಮೊದಲ ಇಂಗಾಲ ಮಾತ್ರ ಹೊರಮುಖವಾಗಿದ್ದು, ಕುಳಿಯ ಬಾಯಲ್ಲಿ ಟೈರೋಸಿನ್ ಎಂಬ ಎರಡು ಅಮೈನೋ ಆಮ್ಲಗಳು ಬಾಗಿಲಿನಂತೆ ನಿಂತಿವೆ. ಅಲ್ಲಿ ಬೈಫಿನೈಲಿನಂಥ ನೀರೊಲ್ಲದ ಚಪ್ಪಟೆ ಗುಂಪನ್ನು ಜೋಡಿಸಿದರೆ ಅದು ಟೈರೋಸಿನ್‌ಗಳಿಗೆ ಒತ್ತಿಕೊಂಡು ಹಿಡಿತವನ್ನು ಬಹಳಷ್ಟು ಹೆಚ್ಚಿಸುತ್ತದೆ.

ಆದರೆ ಸಹಜ ರೂಪದಿಂದ ದೂರ ಸರಿದಷ್ಟೂ ತೆರಬೇಕಾದ ಬೆಲೆಯೊಂದಿದೆ. 1999ರಲ್ಲಿ ಅನುಮೋದನೆ ಪಡೆದ ಎರಡು ಫ್ಲೂ ಔಷಧಗಳಲ್ಲಿ ಜನಾಮಿವಿರ್, ವೈರಸ್ಸಿನ ಕಿಣ್ವವು ಕತ್ತರಿಸುವ ಸಯಾಲಿಕ್ ಆಮ್ಲವೆಂಬ ಸಕ್ಕರೆಯನ್ನು ಹೆಚ್ಚು ಹೋಲುತ್ತದೆ; ನುಂಗಿದರೆ ರಕ್ತಕ್ಕೆ ಸೇರುವುದು ತೀರಾ ಕಡಿಮೆಯಾದ್ದರಿಂದ ಅದನ್ನು ಪುಡಿಯಾಗಿ ಉಸಿರಿನೊಂದಿಗೆ ಎಳೆದುಕೊಳ್ಳಬೇಕು. ಇನ್ನೊಂದು ಔಷಧವಾದ ಒಸೆಲ್ಟಾಮಿವಿರ್‌ನ ಉಂಗುರದಲ್ಲಿ ಆಮ್ಲಜನಕವೇ ಇಲ್ಲ, ಹೈಡ್ರಾಕ್ಸಿಲ್‌ಗಳಿದ್ದ ಬಾಲದ ಜಾಗದಲ್ಲಿ ಎಣ್ಣೆಸ್ವಭಾವದ ಗುಂಪಿದೆ, ಆಮ್ಲವನ್ನು ಎಸ್ಟರ್‌ನಿಂದ ಮರೆಮಾಡಲಾಗಿದೆ, ಹೀಗಾಗಿ ನುಂಗಬಹುದು. ಆದರೆ ಆ ಎಣ್ಣೆಗುಂಪಿಗೆ ಜಾಗ ಕೊಡಲು ವೈರಸ್ಸಿನ ಕಿಣ್ವದ ಗ್ಲುಟಮೇಟ್ ಎಂಬ ಒಂದು ಅಮೈನೋ ಆಮ್ಲ ಪಕ್ಕಕ್ಕೆ ತಿರುಗಬೇಕು. ಎಚ್274ವೈ ಎಂಬ ಒಂದೇ ರೂಪಾಂತರ ಈ ತಿರುಗುವಿಕೆಗೆ ಅಡ್ಡಬಂದಾಗ ಒಸೆಲ್ಟಾಮಿವಿರ್ ಹಿಡಿತ ಕಳೆದುಕೊಂಡಿತು, ಸಹಜ ಬಾಲವನ್ನು ಉಳಿಸಿಕೊಂಡಿದ್ದ ಜನಾಮಿವಿರ್ ಮಾತ್ರ ಕೆಲಸ ಮಾಡುತ್ತಲೇ ಇತ್ತು.

ಪ್ರಯೋಗಾಲಯಕ್ಕೆ ಸಂಬಂಧಿಸಿದ ಒಂದು ಮಾತು: ಬರಿಯ ಸಕ್ಕರೆ ಟಿಎಲ್‌ಸಿ ತಟ್ಟೆಯ (ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ ನೋಡುವ ತೆಳುಪದರದ ತಟ್ಟೆಯ) ಮೇಲೆ ನೇರಳಾತೀತ ಬೆಳಕಿನಲ್ಲಿ ಕಾಣುವುದಿಲ್ಲ, ಗಂಧಕಾಮ್ಲದ ದ್ರಾವಣದಲ್ಲಿ ಅದ್ದಿ ಬಿಸಿಮಾಡಿದರೆ ಕಪ್ಪು ಚುಕ್ಕೆಯಾಗಿ ಸುಟ್ಟು ತೋರುತ್ತದೆ. ಮೊದಲ ಸಲ ತಟ್ಟೆ ಖಾಲಿ ಕಂಡಿತೆಂದು ನಾನು ಫ್ಲಾಸ್ಕಿನಲ್ಲಿದ್ದುದನ್ನು ಚೆಲ್ಲಿಬಿಟ್ಟಿದ್ದೆ, ನೀವು ಹಾಗೆ ಮಾಡಬೇಡಿ.